ಕಿಟಕಿ ಕಡೆಯ ಸೀಟು

"ಬೆಂಗಳೂರಾಗ ಪ್ರಾಂಪ್ಟರ್ ನಡಿಯಂಗಿಲ್ಲಂತ್ರಿ. ಹನ್ನೆರಡು ಮಂದಿ ಅಷ್ಟ ಬರ್ರಿ ಅಂದಾರ," ಎಂದು ಸಮತಾ ಪತ್ರ ಮಡಚಿದಾಗ ಎಲ್ಲರೂ ತಿರುಗಿ ನೋಡಿದ್ದು ಹಜರತಅಲಿಯನ್ನು.

ಪ್ರಾಂಪ್ಟರ್ ಗುದ್ಲೆಪ್ಪ ಮಾಸ್ತರು ಅಲ್ಲೇ ಪರದೆಯ ಎಡಗಡೆ ತಮ್ಮ ಕಟ್ಟಿಗೆ ಕುರ್ಚಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದರು. ಮರೆಯಲ್ಲಿ ಕೂತು ನಾಟಕದ ಮಾತನ್ನು ನಟರ ಕಿವಿಗೆ ಮುಟ್ಟಿಸುವುದು ಅವರ ಕೆಲಸ. ಮೂವತ್ತು ವರ್ಷದಿಂದ ದುಂಡಸಿಯಿಂದ ಬಸ್ಸು ಹಿಡಿದು ಬಂಕಾಪುರದ ಈ ಹಳೇ ಅರಳೆ ಗೋದಾಮಿಗೆ ಬಂದು ಅದನ್ನೇ ಮಾಡಿದ್ದರು. ಶಿಗ್ಗಾವಿಯ ಹೈಸ್ಕೂಲಿನಲ್ಲಿ ಪಾಠ ಹೇಳುವ ಸಮತಾ ತಂಡ ವಹಿಸಿಕೊಂಡ ಮೇಲೆ ಮೊದಲ ಬಾರಿ ಹೊರಗಿನಿಂದ ಕರೆ ಬಂದಿತ್ತು, ಅದೂ ಬೆಂಗಳೂರಿನ ಚೈತ್ರದ ನಾಟಕೋತ್ಸವಕ್ಕೆ. ಮುಖ್ಯ ಪಾತ್ರ ಊರಗೌಡನದು, ಅಂದರೆ ಹಜರತಅಲಿಯದು. ಪ್ರಾಂಪ್ಟರ್ ಇಲ್ಲದೆ ತಾನು ಬರುವುದಿಲ್ಲ ಎಂದು ಅವನೊಬ್ಬ ಹಟ ಹಿಡಿದಿದ್ದರೆ ಸಾಕಿತ್ತು.

ಹಟ ಹಿಡಿಯಲಿಲ್ಲ, ಮೀಸೆ ತಿರುವಿದ. "ನನಗ ಯಾಕ ಬೇಕ್ರಿ ಪ್ರಾಂಪ್ಟರ್? ಮಾತೆಲ್ಲಾ ಬಾಯಾಗ ಅದಾವ."

ಹಸೀ ಸುಳ್ಳು. ಅವನ ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಸವಣೂರಿನ ಉರ್ದು ಶಾಲೆಯನ್ನು ಮೂರನೇ ಇಯತ್ತೆಗೇ ಬಿಟ್ಟು ಹೊಲಿಗೆ ಮಷೀನಿಗೆ ಕೂತವನು ಅವನು. ಕನ್ನಡ ಮಾತು ಅರಳು ಹುರಿದಂತೆ ಬರುತ್ತಿತ್ತು, ಓದಲು ಬಸ್ಸಿನ ಬೋರ್ಡೂ ಬರುತ್ತಿರಲಿಲ್ಲ. ಆಡಿದ ಪಾತ್ರವೆಲ್ಲ ಮಾಸ್ತರು ಉಸುರಿದ್ದು, ಇವನು ಗರ್ಜಿಸಿದ್ದು. ಈ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ: ಹೆಂಡತಿ ಅಖ್ತರುನ್ನೀಸಾಳಿಗೆ ಮತ್ತು ಮಾಸ್ತರಿಗೆ.

ಮಾಸ್ತರು ಆಗಲೂ ಅದನ್ನು ಹೊರಗೆ ಬಿಡಲಿಲ್ಲ. ಅಡಿಕೆ ಚೂರನ್ನು ದವಡೆಗೆ ಒತ್ತಿಕೊಂಡು ಎದ್ದು, ತಾವೇ ಕೈಯಾರೆ ಬರೆದ ನಾಟಕದ ವಹಿಯನ್ನು ಅವನ ಕೈಗಿಟ್ಟರು. ಮೊದಲ ಹಾಳೆಯ ಕೆಳಗೆ, ಎಂದಿನಂತೆ, ಅವರ ಹೆಸರು.

"ಹಂಗಾರ ಇದು ನಿನ್ನ ಕಡೆನ ಇರ್ಲಿ, ಅಲಿ. ಓದಕೋ," ಎಂದರು.

ಆ 'ಓದಕೋ' ಅವನಿಗೆ ಸೂಜಿಯ ಹಾಗೆ ನೆಟ್ಟಿತು. ಅದಕ್ಕಿಂತ ಸಂಕಟದ ಸಂಗತಿ ಅವನ ಅಂಗಡಿಯ ಗೂಟದಲ್ಲಿ ನೇತಾಡುತ್ತಿತ್ತು. ಬೆಂಗಳೂರಿಗೆಂದೇ ಮಾಸ್ತರು ಬಟ್ಟೆ ಕೊಟ್ಟು ಹೊಲಿಯಲು ಹಾಕಿದ್ದ ಬಿಳೇ ಜುಬ್ಬಾ, ಗುಂಡಿ ಹಚ್ಚುವುದೊಂದು ಬಾಕಿ. ಅದನ್ನು ಒಯ್ಯಲು ಅವರು ಬರಲೇ ಇಲ್ಲ. ಹನ್ನೊಂದನೇ ದಿನಕ್ಕೆ ದುಂಡಸಿಯಿಂದ ಸುದ್ದಿ ಬಂತು. ಉಂಡು ಗೋಡೆಗೆ ಒರಗಿ ಕೂತವರು ಕೂತಲ್ಲೇ ಹೋಗಿಬಿಟ್ಟಿದ್ದರು.

ಮಣ್ಣಿಗೆ ಹೋಗಿ ಬಂದವನಿಗೆ ಅಖ್ತರುನ್ನೀಸಾ ಖರೇ ಏನಿದೆಯೋ ಆ ಟೀಚರಮ್ಮನಿಗೆ ಹೇಳಿಬಿಡು, ಯಾರಾದರೂ ಓದಿ ಹೇಳುತ್ತಾರೆ, ಕಲಿತುಕೋ ಎಂದಳು. ಮೂವತ್ತು ವರ್ಷ ಗೌಡನಾಗಿ ಮೆರೆದ ಮೇಲೆ ಅಕ್ಷರ ಬಾರದು ಎಂದು ಯಾವ ಬಾಯಿಂದ ಹೇಳುವುದು? ಹಜರತಅಲಿ ವಹಿಯನ್ನು ಟ್ರಂಕಿನ ತಳಕ್ಕೆ ಹಾಕಿ ಬೀಗ ಜಡಿದ.

ಮುಂದಿನ ರವಿವಾರ ತಾಲೀಮು. ಹೊರಗೆ ಬೇವು ಹೂ ಉದುರಿಸುತ್ತಿತ್ತು, ಕೋಟೆಯ ಕಡೆ ನವಿಲು ಕೂಗುತ್ತಿದ್ದವು. ಗೌಡ ತನ್ನ ತಮ್ಮನನ್ನು ಮನೆಯಿಂದ ಹೊರಗೆ ಹಾಕುವ ದೃಶ್ಯ. ತಮ್ಮನ ಪಾತ್ರದ ರವಿಕುಮಾರ ಕೈಮುಗಿದು ಎದುರಿಗೆ ನಿಂತ. ಹಜರತಅಲಿಯ ನಾಲಗೆ ಒಣಗಿತು. ಇವತ್ತಿಗೆ ನನ್ನ ಮಾನ ಮೂರಾಬಟ್ಟೆ ಎಂದುಕೊಂಡ. ಆಗ ಎಡಗಡೆಯಿಂದ, ಅಡಿಕೆ ಚೂರನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದ ಸಪ್ಪಳ ಕೇಳಿತು, ಹಿಂದೆಯೇ ಮಾಸ್ತರ ಪಿಸುದನಿ.

"ಈ ಬಾಗಲಾ ನಿನಗ ಮುಚ್ಚೇತಿ, ತಮ್ಮಾ..."

ಅಂದ. ಅದರ ಮುಂದಿನದೂ ಬಂತು, ಅದನ್ನೂ ಅಂದ. 'ಉಸುರು ತಗೋ, ಈಗ ಹೇಳು' ಎನ್ನುವುದು ಕೂಡ ಮೊದಲಿನ ಹಾಗೇ ನಡುನಡುವೆ ಬಂತು. ದೃಶ್ಯ ಮುಗಿದು ತಿರುಗಿ ನೋಡಿದರೆ ಕುರ್ಚಿ ಖಾಲಿ. ಅದನ್ನು ಎತ್ತಿಡಲು ಯಾರಿಗೂ ಮನಸ್ಸಾಗಿರಲಿಲ್ಲ, ಹಾಗೇ ಇತ್ತು.

"ಕಾಕಾ, ಒಂದಕ್ಷರ ತಪ್ಪಲಿಲ್ಲ ನೋಡ್ರಿ," ಎಂದು ರವಿಕುಮಾರ ಬೆನ್ನು ತಟ್ಟಿದ. ಕೈಗೆ ಅಂಗಿ ಒದ್ದೆ ಹತ್ತಿತು.

ಮೂರು ರವಿವಾರ ಹೀಗೇ ನಡೆಯಿತು. ಗೋದಾಮಿನ ಬಾಗಿಲು ದಾಟುವಾಗ ಹಜರತಅಲಿಗೆ ಜೀವ ಬಾಯಿಗೆ ಬರುತ್ತಿತ್ತು. ಆದರೆ ಮಾತು ನಿಂತ ಕ್ಷಣ ಅವನೇ ಕಿವಿಯನ್ನು ಎಡಕ್ಕೆ ಕೊಡುತ್ತಿದ್ದ. ಆ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ, ಅವನಿಗೆ ಎಲ್ಲಕ್ಕಿಂತ ತಡೆಯದಾದದ್ದು ಅದೇ. ಇನ್ನೊಂದು ಚಿಂತೆಯೂ ಹತ್ತಿತು. ಕುರ್ಚಿ ಇಲ್ಲಿ, ನಾಟಕ ಬೆಂಗಳೂರಿನಲ್ಲಿ. ದೂರದ ಬಸ್ಸು ಹತ್ತಿದರೆ ವಾಂತಿಯಾಗುತ್ತದೆ ಎಂದು ಮುಂದಿನ ಕಿಟಕಿ ಸೀಟು ಸಿಗದಿದ್ದರೆ ಹುಬ್ಬಳ್ಳಿಗೂ ಬರದಿದ್ದ ಮನುಷ್ಯ, ಅಷ್ಟು ದೂರ, ಕರೆಯದೆ ಹೇಗೆ ಬಂದಾರು? ಬರದಿದ್ದರೆ ಆ ಜನರೆದುರು ತನ್ನ ಗತಿ?

ಹೊರಡುವ ಮೂರು ದಿನ ಮೊದಲು, ರವಿವಾರ ಮಧ್ಯಾಹ್ನ, ಸಮತಾ ಎಲ್ಲರನ್ನೂ ಸುತ್ತ ಕೂಡಿಸಿಕೊಂಡಳು. ಹದಿಮೂರು ಸೀಟಿನ ಗಾಡಿ ಗೊತ್ತಾಗಿತ್ತು. ಬುಧವಾರ ಬಿಡುವುದು, ಗುತ್ತೆವ್ವ ಎಲ್ಲರಿಗೂ ರೊಟ್ಟಿ ಕಟ್ಟುವುದು, ಬಣ್ಣದ ಪೆಟ್ಟಿಗೆ ಮುಸ್ತಾಕನ ಕಾಲ ಬುಡದಲ್ಲಿ ಇಡುವುದು, ಎಲ್ಲ ಮುಗಿಯಿತು. ಆಮೇಲೆ ಅವಳು ಹಾಳೆಯೊಂದನ್ನು ಹಜರತಅಲಿಯ ಕೈಗೆ ಕೊಟ್ಟಳು.

"ಕಾಕಾ, ನೀವು ಹಿರ್ಯಾರು. ಜ್ವಾರಾಗಿ ಓದ್ರಿ. ಯಾರದರ ಹೆಸರು ಬಿಟ್ಟೈತೇನ ನೋಡೂಣು."

ಚಷ್ಮಾ ಮನೆಯಲ್ಲಿದೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಎಡಗಡೆಯಿಂದ ಬಂತು: "ರವಿಕುಮಾರ."

"ರವಿಕುಮಾರ," ಎಂದ.

"ಗುತ್ತೆವ್ವ." ಅದನ್ನೂ ಅಂದ. ಇನಾಯತ, ಮುಸ್ತಾಕ, ಒಂದಾದ ಮೇಲೊಂದು. ತನ್ನ ಹೆಸರನ್ನು ಕೂಡ ಆ ದನಿ ಹೇಳಿದ ಮೇಲೆಯೇ ಓದಿದ. ಹನ್ನೆರಡಾದವು. ಸಮತಾ ಪ್ರತಿ ಹೆಸರಿಗೂ ತಲೆ ಆಡಿಸುತ್ತಿದ್ದಳು.

ಆಮೇಲೆ ದನಿ ನಿಂತಿತು. ಮುಗಿದು ನಿಂತದ್ದಲ್ಲ. ಅಡಿಕೆಯ ಸಪ್ಪಳ ಇತ್ತು, ಉಸಿರಿತ್ತು, ಮಾತಿರಲಿಲ್ಲ. ಮೂವತ್ತು ವರ್ಷದಲ್ಲಿ ಮಾಸ್ತರು ಅವನನ್ನು ಹೀಗೆ ನಡುನೀರಿನಲ್ಲಿ ಕೈಬಿಟ್ಟದ್ದಿಲ್ಲ. ಹಜರತಅಲಿ ಕಾದ. ಇನ್ನೂ ಕಾದ. ಆಮೇಲೆ ಅವನಿಗೆ ತಿಳಿಯಿತು, ಈ ಮಾತನ್ನು ಯಾರೂ ಹೇಳಿಕೊಡುವುದಿಲ್ಲ.

"ಗುದ್ಲೆಪ್ಪ ಮಾಸ್ತರು," ಎಂದ. "ಮುಂದಿನ ಸೀಟು, ಕಿಟಕಿ ಕಡೆ. ಅವರಿಗೆ ಗಾಡಿ ಆಗಿಬರಂಗಿಲ್ಲ."

ಸಮತಾ ಮೆಲ್ಲಗೆ ಅಂದಳು, "ಅವರ ಹೆಸರು ಹಾಳಿಮ್ಯಾಲ ಇಲ್ಲಲ್ರಿ, ಕಾಕಾ."

"ಇಲ್ಲನ್ನೂದು ನನಗ ಹೆಂಗ ಗೊತ್ತಾಗಬೇಕವ್ವಾ? ನನಗ ಓದಾಕ ಬರೂದಿಲ್ಲ. ಎಂದೂ ಬಂದಿಲ್ಲ. ಮೂವತ್ತು ವರ್ಷ ಅವರು ಹೇಳಿದ್ದನ್ನ ಆಡೇನಿ. ಅವರು ಬ್ಯಾಡ ಅಂದಾಂವಾನೂ ನಾನ." ಎಲ್ಲರೂ ನಗುತ್ತಾರೆಂದು ಇಷ್ಟು ವರ್ಷ ಹೆದರಿದ್ದನಲ್ಲ, ಒಬ್ಬರೂ ನಗಲಿಲ್ಲ.

ಸಮತಾ ಹಾಳೆಯನ್ನು ನೋಡಿದಳು, ಅವನನ್ನು ನೋಡಿದಳು.

"ಓದಾಕ ಬರೂದಿಲ್ಲಾಂದ್ರ," ಎಂದಳು, "ಈಗ ಹನ್ನೆರಡೂ ಹೆಸರು ಹೆಂಗ ಓದಿದ್ರಿ?"

ಅವನ ಕಣ್ಣು ತಾನಾಗಿ ಎಡಕ್ಕೆ ಹೋಯಿತು. ಅದರ ಹಿಂದೆ ಎಲ್ಲರ ಕಣ್ಣೂ ಹೋದವು. ಹಾಡುಹಗಲು, ಕಟ್ಟಿಗೆ ಕುರ್ಚಿಯ ಕಾಲಿನ ತನಕ ಬಿಸಿಲು ಬಂದಿತ್ತು. ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದ ರವಿಕುಮಾರ ಎದ್ದು, ಯಾರಿಗೋ ದಾರಿ ಬಿಡುವವನಂತೆ ಪಕ್ಕಕ್ಕೆ ಸರಿದು ಕೂತ.

ಸಮತಾ ಅವನ ಕೈಯಿಂದ ಹಾಳೆಯನ್ನು ತೆಗೆದುಕೊಂಡು ಮೊಣಕಾಲ ಮೇಲಿಟ್ಟು ಕೊನೆಗೆ ಒಂದು ಹೆಸರು ಬರೆದಳು. ಅದೊಂದನ್ನು ಹಜರತಅಲಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ. ಮೂವತ್ತು ವರ್ಷ, ಪ್ರತಿ ವಹಿಯ ಮೊದಲ ಹಾಳೆಯ ಕೆಳಗೆ ಅವನು ಅದನ್ನು ನೋಡಿದ್ದ.

"ನಾ ಅಂಗಡಿಗೆ ಹೋಗ್ತೇನಿ," ಎಂದು ಎದ್ದ. "ಒಂದು ಜುಬ್ಬಾಕ್ಕ ಗುಂಡಿ ಹಚ್ಚೂದೈತಿ."