ಅನುಮತಿ ಕೇಳಿ ಕೊಲ್ಲುತ್ತಿದ್ದವರು

ಯಾರ ಮೇಲಾದರೂ ಪ್ರೀತಿ ಹುಟ್ಟಿತೆಂದರೆ ನಮ್ಮ ಕಪ್ತಾನರು ಮೊದಲು ಮಾಡುತ್ತಿದ್ದ ಕೆಲಸ, ಅವರನ್ನು ಕೊಲ್ಲಲು ಅನುಮತಿ ಕೇಳುವುದು. ಕಾಫಿಯ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ರಜೆ ಕೇಳಲು ಬಂದ ಗುಮಾಸ್ತನ ಸಂಕೋಚದಲ್ಲಿ ತಲೆ ತಗ್ಗಿಸಿ, "ನಿಮ್ಮ ಅಭ್ಯಂತರ ಇಲ್ಲಾಂದ್ರೆ ಮುಂದಿನ ವಾರ ನಿಮ್ಮನ್ನ ಮುಗಿಸಿಬಿಡ್ಲಾ?" ಎನ್ನುತ್ತಿದ್ದರು. ಗೊತ್ತಿಲ್ಲದವರು ಬೆಚ್ಚಿಬೀಳುತ್ತಿದ್ದರು, ಗೊತ್ತಿದ್ದವರು ಒಳಗೊಳಗೇ ಹಿಗ್ಗುತ್ತಿದ್ದರು.

ನಾನು ಉಪಸಂಪಾದಕನಾಗಿದ್ದ ವಾರಪತ್ರಿಕೆಗೆ ಅವರು ಕಡಲ್ಗಳ್ಳರ ಚಿತ್ರಕಾದಂಬರಿಯೊಂದನ್ನು ಕಂತುಕಂತಾಗಿ ಬರೆಯುತ್ತಿದ್ದರು. ಕಪ್ತಾನರೆಂಬ ಅಡ್ಡಹೆಸರು ಬಂದದ್ದು ಅದರಿಂದಲೇ. ಒಂದು ಹಳೆಯ ಹಡಗು, ಅದರ ತುಂಬ ಕೈಲಾಗದ ಕಳ್ಳರು, ಕಂತಿಗೊಬ್ಬರಂತೆ ನಗೆಪಾಟಲಿನ ಸಾವು. ಸಾಯುವವರೆಲ್ಲರ ಮುಖವೂ ನಮ್ಮ ನಮ್ಮದೇ. ಕೆಳಗಿನ ಬೀದಿಯ ಕ್ಷೌರದಂಗಡಿಯಾತ ತಿಮಿಂಗಿಲಕ್ಕೆ ಮೀಸೆ ಒಪ್ಪ ಮಾಡಲು ಹೋಗಿ ಅದರ ಒಂದೇ ಸೀನಿಗೆ ದಿಗಂತದಾಚೆ ಹೋಗಿ ಬಿದ್ದ. ನಮ್ಮ ಕಚೇರಿಯ ಗುಮಾಸ್ತರು ಫಿರಂಗಿಯಲ್ಲಿ ಗುಂಡಿದೆಯೇ ಎಂದು ಬಗ್ಗಿ ನೋಡಿ, "ಇದೆ" ಎಂದು ಹೇಳುವಷ್ಟರಲ್ಲಿ ಕೈಲಾಸ ಸೇರಿದರು. ನಾನಂತೂ ಹಡಗಿನ ಗಿಳಿಯ ವ್ಯಾಕರಣ ತಿದ್ದುತ್ತಾ ಹಿಂದೆ ಹಿಂದೆ ಸರಿದು ನೀರಿಗೆ ಬಿದ್ದೆ. ಆ ವಾರವಿಡೀ ಬೀದಿಯಲ್ಲಿ ಕಂಡವರೆಲ್ಲ ನನಗೆ ಸಂತಾಪ ಸೂಚಿಸಿ ನಗುತ್ತಿದ್ದರು. ಅಷ್ಟೊಂದು ಜನ ನನ್ನನ್ನು ಅದಕ್ಕೆ ಮೊದಲೂ ಮಾತನಾಡಿಸಿರಲಿಲ್ಲ, ಆಮೇಲೂ ಮಾತನಾಡಿಸಲಿಲ್ಲ.

ಎತ್ತರದ, ತೆಳ್ಳನೆಯ ಆಳು. ಎಡ ಭುಜವನ್ನು ಮುಂದೆ ಮಾಡಿಕೊಂಡು, ಗಾಳಿಯಿಲ್ಲದ ಓಣಿಯಲ್ಲೂ ಎದುರುಗಾಳಿಯನ್ನು ಸೀಳಿಕೊಂಡು ಹೊರಟವರಂತೆ ನಡೆಯುತ್ತಿದ್ದರು. ಬೇಸಿಗೆಯಲ್ಲೂ ಬಿಡದ ಒಂದು ಕಂದು ಕೋಟು. ಅದರ ಬಲಗೈಯ ತುದಿ ಶಾಯಿ ಕುಡಿದು ಕುಡಿದು ಚರ್ಮದಂತೆ ಗಡುಸಾಗಿತ್ತು. ಯಾರು ಏನೇ ಕೇಳಲಿ, ಉತ್ತರ "ಹಾಗಂತಲ್ಲ" ಎಂದೇ ಮೊದಲಾಗುತ್ತಿತ್ತು. ಊಟವಾಯಿತೇ ಎಂದರೆ, "ಹಾಗಂತಲ್ಲ, ಆಯ್ತು." ಹೊರಗೆ ಮಳೆಯೇ ಎಂದರೆ, "ಹಾಗಂತಲ್ಲ, ಜೋರಾಗೇ ಬರ್ತಿದೆ." ರಬ್ಬರನ್ನು ಮಾತ್ರ ಮುಟ್ಟುತ್ತಿರಲಿಲ್ಲ. ತಪ್ಪಿದ ಗೆರೆಯನ್ನು ಅಳಿಸುವುದು ಹೇಡಿತನವೆಂಬುದು ಅವರ ಹಟ. ಆದ್ದರಿಂದಲೇ ಅವರ ಕಡಲ್ಗಳ್ಳರ ಮುಖಗಳಲ್ಲಿ ಪ್ರಪಂಚದ ಇನ್ನಾವ ಕಡಲ್ಗಳ್ಳರಿಗೂ ಇಲ್ಲದಷ್ಟು ಗಾಯದ ಗುರುತುಗಳು.

ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಪ್ತಾನರು, ಅವರ ಅಕ್ಕ ಇಬ್ಬರದೇ ವಾಸ. ಇಬ್ಬರೂ ಮದುವೆಯಾಗಿರಲಿಲ್ಲ, ಏಕೆಂದು ಕೇಳಿದವರಿಗೆ ಅಕ್ಕ, "ಇವನನ್ನ ಯಾರ ತಲೆಗೆ ಕಟ್ಟೋದು?" ಎನ್ನುತ್ತಿದ್ದರು, ತಮ್ಮ, "ಹಾಗಂತಲ್ಲ, ಇವಳಿಗೆ ಯಾರು ಹೆದರಲ್ಲ ಹೇಳಿ?" ಎನ್ನುತ್ತಿದ್ದರು. ಆಕೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ದುಡಿದು ನಿವೃತ್ತರಾದವರು. ರೋಗಿಗಳ ಪಥ್ಯ ಕೈಗೆ ಹತ್ತಿಹೋಗಿ ಮನೆಯಲ್ಲೂ ಅಡುಗೆಗೆ ಉಪ್ಪು ಹಾಕುತ್ತಿರಲಿಲ್ಲ. ತಮ್ಮನ ಹಡಗಿನಲ್ಲಿ ಅಡುಗೆಯವಳಾಗಿದ್ದವಳು ಈ ಅಕ್ಕನೇ: ಉಪ್ಪುನೀರಿನ ಮಹಾಸಾಗರದ ನಡುವೆ ಉಪ್ಪಿಲ್ಲದ ಅಡುಗೆ ಬಡಿಸಿ, ಎದುರು ಮಾತಾಡಿದ ಕಳ್ಳನ ನೆತ್ತಿಗೆ ಸೌಟಿನಿಂದ ಕುಟ್ಟುವ ಧೀರೆ.

ಹಡಗಿನ ಕಪ್ತಾನನನ್ನು ಬಿಟ್ಟರೆ ಎಲ್ಲರೂ ಸತ್ತರು, ಅಡುಗೆಯವಳೊಬ್ಬಳು ಸಾಯಲಿಲ್ಲ. ಇದು ಅಕ್ಕನಿಗೆ ದೊಡ್ಡ ಅವಮಾನವಾಗಿತ್ತು. ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ಆಕೆ ನನ್ನನ್ನೇ ಪಂಚಾಯಿತಿಗೆ ಎಳೆದರು.

"ನೀವೇ ಹೇಳಿ. ಬೀದಿಯೋರನ್ನೆಲ್ಲ ಸಾಯಿಸಿದ. ಕಂಡೋರೆಲ್ಲ ಎಷ್ಟು ಚೆನ್ನಾಗಿ ಸತ್ತರು! ಒಡಹುಟ್ಟಿದೋಳು ನಾನು. ನನಗೊಂದು ಸಾವು ಬರೆಯೋಕಾಗಲ್ವಾ ಇವನಿಗೆ?"

"ಹಾಗಂತಲ್ಲ," ಎಂದರು ಕಪ್ತಾನರು, ಕಾಗದದಿಂದ ಕಣ್ಣೆತ್ತದೆ. "ಅಡುಗೆ ಮಾಡೋರು ಬೇಕಲ್ಲ."

"ಎಲ್ಲ ಸತ್ತಮೇಲೆ ಯಾರಿಗೋ ಅಡುಗೆ? ಜನ ಬಿದ್ದು ಬಿದ್ದು ನಗಬೇಕು, ಹಂಗೆ ಸಾಯಿಸು. ಸುಮ್ನೆ ಒಂದು ಮೂಲೇಲಿ ಸಾಯಿಸಿಬಿಟ್ಟೀಯಾ, ಜೋಕೆ."

ಕಪ್ತಾನರು ಒಪ್ಪಲಿಲ್ಲ. ಸಂಪಾದಕರು ಕಥೆ ಮುಗಿಸಿ ಎಂದು ಅವಸರಪಡಿಸಿದರೂ ಅವರು ಹೊಸ ಹೊಸ ಕಳ್ಳರನ್ನು ಹಡಗಿಗೆ ಹತ್ತಿಸಿ ಹತ್ತಿಸಿ ಕೊಂದು, ಅಕ್ಕನ ಸರದಿಯನ್ನು ಮುಂದೂಡುತ್ತಲೇ ಹೋದರು.

ಆಮೇಲೊಂದು ಮಧ್ಯಾಹ್ನ, ಒಲೆಯ ಮುಂದೆ ನಿಂತಿದ್ದ ಅಕ್ಕನಿಗೆ ಉಸಿರು ಕಟ್ಟಿತು. ಆಕೆ ದುಡಿದ ಆಸ್ಪತ್ರೆಗೇ ಸೇರಿಸಿದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಆಕೆ ಮಂಚದ ಮೇಲೆ ಸ್ವಲ್ಪ ಚೇತರಿಸಿಕೊಂಡು, ಈಗಿನವರು ಉಪ್ಪು ಸುರೀತಾರೆ ಎಂದು ನರ್ಸಿನ ಹತ್ತಿರ ದೂರು ಹೇಳುತ್ತಿದ್ದರು. ಇದ್ದಕ್ಕಿದ್ದಂತೆ ತಮ್ಮನ ಕೋಟಿನ ತೋಳು ಹಿಡಿದು ಕೇಳಿದರು: "ಗ್ಯಾಸ್ ಆಫ್ ಮಾಡಿದ್ಯಾ?"

"ಮಾಡಿದೀನಿ ಕಣೇ."

"ನಿನ್ನ ಮುಖ ನೋಡಿದ್ರೆ ಗೊತ್ತಾಗತ್ತೆ. ಹೋಗಿ ನೋಡ್ಕೊಂಡು ಬಾ. ನನಗೆ ಸಮಾಧಾನ ಇಲ್ಲ."

ಕಪ್ತಾನರು ಓಡಿದರು. ಅವರು ಹೋದ ಸ್ವಲ್ಪ ಹೊತ್ತಿಗೆ ನರ್ಸುಗಳು ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಒಳಗಿನಿಂದ ಬಂದ ಡಾಕ್ಟರು ನನ್ನ ಕಡೆ ನೋಡಿ ಇಲ್ಲವೆಂಬಂತೆ ತಲೆಯಾಡಿಸಿ ಹೋದರು. ನಾನು ಆ ಉದ್ದನೆಯ ಮೊಗಸಾಲೆಯಲ್ಲಿ ಮಾತು ಹುಡುಕುತ್ತಾ ನಿಂತಿದ್ದಾಗ ಮೆಟ್ಟಿಲ ಕಡೆಯಿಂದ ಆ ಎಡ ಭುಜ ಕಾಣಿಸಿತು. ಬೆವರಿ ತೊಯ್ದುಹೋಗಿದ್ದ ಮನುಷ್ಯ ನನ್ನನ್ನು ದಾಟಿ, ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ, ಏದುಸಿರಿನ ನಡುವೆ ಹೇಳಿದರು: "ಅಕ್ಕಾ, ಆಫ್ ಆಗಿತ್ತು ಕಣೇ. ಆಫ್ ಆಗೇ ಇತ್ತು."

ಪತ್ರಿಕೆಯಲ್ಲಿ ಕೆಲವು ವಾರ ಹಡಗು ಕಾಣಿಸಲಿಲ್ಲ. ಮತ್ತೆ ಕಾಣಿಸಿದಾಗ ಅಡುಗೆಯವಳ ಸರದಿ ಬಂದಿತ್ತು. ಶತ್ರುಗಳು ಆಕೆಯನ್ನು ಹಡಗಿನ ಅಂಚಿನಾಚೆ ಚಾಚಿದ ಹಲಗೆಯ ಮೇಲೆ ನಡೆಸುತ್ತಾರೆ. ಆಕೆ ಹಲಗೆ ಗಲೀಜಾಗಿದೆಯೆಂದು ಅವರನ್ನೇ ಗದರಿಸಿ, ಪೊರಕೆ ತರಿಸಿಕೊಂಡು, ಗುಡಿಸುತ್ತಾ ಗುಡಿಸುತ್ತಾ ತುದಿ ಮುಟ್ಟಿ, ಕಸದ ಸಮೇತ ಸಮುದ್ರಕ್ಕೆ ಬೀಳುತ್ತಾಳೆ. ಮುಳುಗಿದವಳು ಒಮ್ಮೆ ಮೇಲೆ ಬಂದು, ಬಾಯ ತುಂಬ ನೀರಿಟ್ಟುಕೊಂಡೇ, "ಒಲೆ ಆರಿಸಿದ್ಯಾ?" ಎಂದು ಕೂಗುತ್ತಾಳೆ. ಹಡಗಿನ ಕಪ್ತಾನ, ಯುದ್ಧ ಬಿಟ್ಟು, ಶತ್ರುಗಳ ಕಾಲುಗಳ ಸಂದಿಯಲ್ಲಿ ನುಸುಳಿ, ಬಿದ್ದು, ಎದ್ದು, ಅಡುಗೆಮನೆಗೆ ಓಡುತ್ತಾನೆ. ಒಲೆ ಆರಿದೆ. ಅದನ್ನು ಹೇಳಲೆಂದು ಮೇಲೆ ಬಂದರೆ ಶತ್ರುಗಳೂ ಇಲ್ಲ, ಆಕೆಯೂ ಇಲ್ಲ. ಅವನು ನೀರಿನ ಕಡೆ ಬಗ್ಗಿ ಹೇಳುತ್ತಾನೆ: "ಆರಿತ್ತು."

ಅದೇ ಕೊನೆಯ ಪುಟ. ಕಪ್ತಾನನನ್ನೂ ಸಾಯಿಸಿ, ಇಲ್ಲವೇ ದಡ ಸೇರಿಸಿ ಎಂದರು ಸಂಪಾದಕರು. "ಹಾಗಂತಲ್ಲ," ಎಂದರು ಇವರು, "ಅವನು ಇರ್ಲಿ. ಒಬ್ಬರಾದ್ರೂ ಇರಬೇಕಲ್ಲ."

ಕಂತುಗಳೆಲ್ಲ ಸೇರಿ ಪುಸ್ತಕವಾಗಿ ಬಂದಾಗ ಜನ ನಿಜಕ್ಕೂ ಬಿದ್ದು ಬಿದ್ದು ನಕ್ಕರು. ಪುಸ್ತಕದಂಗಡಿಯಲ್ಲಿ ಹೆಂಗಸೊಬ್ಬರು, "ಅಡುಗೆಯವಳು ಸಾಯೋದು ಓದಿ ಹೊಟ್ಟೆ ಹುಣ್ಣಾಯ್ತು ಸಾರ್," ಎಂದು ಕಣ್ಣೊರೆಸಿಕೊಂಡರು. ನನ್ನ ಜೊತೆಗಿದ್ದ ಕಪ್ತಾನರು ಪುಸ್ತಕವನ್ನು ಆಕೆಯ ಮುಂದೆ ಬಿಚ್ಚಿ ಕೇಳಿದರು: "ಎಲ್ಲಿ ನಕ್ಕಿರಿ? ಯಾವ ಚಿತ್ರಕ್ಕೆ? ತೋರಿಸಿ." ಆಕೆ ತೋರಿಸಿದ ಚೌಕದ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಆಚೆ ಬಂದಮೇಲೆ ನಾನು ತಡೆಯಲಾರದೆ, "ನೋವಾಗಲ್ವಾ?" ಎಂದೆ.

"ಹಾಗಂತಲ್ಲ," ಎಂದರು. "ಅವಳು ಕೇಳಿದ್ದು ಅದೊಂದೇ. ಕೊಟ್ಟೆ. ಹೇಳೋಣಾಂದ್ರೆ ಅವಳಿಲ್ಲ."

ಈಚೆಗೊಮ್ಮೆ ಅವರ ಮನೆಗೆ ಹೋಗಿದ್ದೆ. ಅವರು ಮುಂದಿನ ಕೋಣೆಯಲ್ಲಿ ಯಾವುದೋ ಜಾಹೀರಾತಿಗೆ ಚಿತ್ರ ಬರೆಯುತ್ತಿದ್ದರು. ರೇಡಿಯೊ ಅಡುಗೆಮನೆಯಲ್ಲಿ ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿತ್ತು. ಇಲ್ಲಿ ತಂದಿಡಲೇ ಎಂದದ್ದಕ್ಕೆ ಬೇಡವೆಂದರು. "ಆ ಕಡೆಯಿಂದ ಏನಾದ್ರೂ ಸದ್ದು ಬರ್ತಿರಬೇಕು."

ದುಃಖವನ್ನು ಅತ್ತು ಹೇಳಿಕೊಳ್ಳಬಲ್ಲವರಿಗೆ ಅದನ್ನು ಹಂಚಿಕೊಳ್ಳುವವರು ಸಿಗುತ್ತಾರೆ, ಹೆಗಲ ಮೇಲೊಂದು ಕೈ ಸಿಗುತ್ತದೆ. ಈ ಬಗೆಯ ಮನುಷ್ಯರಿಗೆ ಆ ಭಾಗ್ಯವಿಲ್ಲ. ಅವರು ತಮ್ಮ ದುಃಖಕ್ಕೆ ವೇಷ ಹಾಕಿ ಅಪರಿಚಿತರ ಮನೆಗಳಿಗೆ ಕಳುಹಿಸಿಬಿಡುತ್ತಾರೆ; ಅದರ ಗುರುತು ಸಿಗದೆ ಜನ ಮನಸಾರೆ ನಗುತ್ತಾರೆ, ನಕ್ಕವರನ್ನು ದೂರುವಂತೆಯೂ ಇಲ್ಲ. ಇವರಿಗೆ ಸಂತಾಪ ಬೇಕಿಲ್ಲ. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಕೋಣೆಯಲ್ಲಿ ಯಾರೋ ಪುಟ ತಿರುವಿ ಗಟ್ಟಿಯಾಗಿ ನಕ್ಕರೆ ಸಾಕು. ಅದು ತಮಗೆ ಕೇಳಿಸುವಷ್ಟು ಹತ್ತಿರದಲ್ಲಿಲ್ಲವೆಂಬುದು ಅವರಿಗೂ ಗೊತ್ತು. ಆದರೂ ಕೆಲಸದ ನಡುವೆ ಲೇಖನಿ ನಿಲ್ಲಿಸಿ, ಆಗಾಗ ಕಿವಿಗೊಟ್ಟು ಕೂರುತ್ತಾರೆ.