ಐಲೀನಳ ಹಾಡಿಗೆ ಕುಂಕುಮ

ಆಯುಧಪೂಜೆಯ ದಿನ ನಮ್ಮತ್ತೆ ನೀಲಮ್ಮನವರ ಕೈಯಿಂದ ಯಾವ ವಸ್ತು ತಪ್ಪಿಸಿಕೊಳ್ಳುತ್ತದೆ ಎಂದು ಆ ಬ್ರಹ್ಮನೂ ಹೇಳಲಾರ. ಅವರು ಮೈಸೂರಿನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಬಂದು ಇನ್ನೂ ತಿಂಗಳಾಗಿಲ್ಲ, ಥಾರ್ನ್ಲಿ ಬಡಾವಣೆಯ ನಮ್ಮ ಮನೆಯ ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ನನ್ನ ಆಫೀಸಿನ ಲ್ಯಾಪ್‌ಟಾಪ್, ಗಣಿ ಕೆಲಸಕ್ಕೆ ಹೋಗಿರುವ ನನ್ನ ಗಂಡ ಸಂಕೇತನ ಕಲ್ಲೊಡೆಯುವ ಸುತ್ತಿಗೆ, ಎಲ್ಲವೂ ಕುಂಕುಮ ಇಟ್ಟುಕೊಂಡು ಸಾಲಾಗಿ ಕೂತಿದ್ದವು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವುಗಳ ನಡುವೆ, ಮಣೆಯ ಮೇಲೆ, ಪಕ್ಕದ ಮನೆಯ ಡಗ್ಲಸ್ ಅವರ ಹಳೇ ಗ್ರಾಮಫೋನ್ ಪ್ಲೇಟು ಕಂಡು ನನ್ನ ಜೀವ ಬಾಯಿಗೆ ಬಂತು. ಕವರಿನಿಂದ ಹೊರಗೆ ತೆಗೆದು, ಸಣ್ಣ ಗೆರೆಗಳ ಮೇಲೆಯೇ ಮೂರು ಕಡೆ ಅರಿಸಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟಿದ್ದರು.

"ಅತ್ತೇ! ಏನ್ ಮಾಡ್ಬಿಟ್ರಿ ಇದು?"

"ಹಾಡೋ ವಸ್ತು ಕಣೇ ನಿವೇದಿತಾ, ಸರಸ್ವತಿ. ಸುತ್ತಿಗೆಗೆ ಪೂಜೆ ಮಾಡಿ ಇದನ್ನ ಬಿಡಕ್ಕಾಗತ್ತಾ?"

ಏನು ಹೇಳುವುದು ಇವರಿಗೆ! ಅದು ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಂದ ಆಲ್ಬಂ. ಹಳ್ಳಿಯ ಹಳೇ ಪದಗಳಿಗೆ ಎಲೆಕ್ಟ್ರಿಕ್ ಗಿಟಾರು, ಪಿಟೀಲು, ಕೊಳಲು ಸೇರಿಸಿ, ಒಂದೊಂದು ಹಾಡನ್ನೂ ಹತ್ತು ಹನ್ನೆರಡು ನಿಮಿಷ ಎಳೆದಿದ್ದಾರೆ. ಇವತ್ತಿಗೂ ಅದರ ಹೆಸರು ಹೇಳಿದರೆ ಕೈಮುಗಿಯುವವರಿದ್ದಾರಂತೆ. ಡಗ್ಲಸ್ ಅವರ ಹೆಂಡತಿ ಐಲೀನ್ ಹುಡುಗಿಯಾಗಿದ್ದಾಗ ಅದರಲ್ಲಿ ಒಂದು ಹಾಡು ಹಾಡಿದ್ದರು. ಮೊದಲ ಅಚ್ಚಿನಲ್ಲಿ ಮಾತ್ರ ಆ ಹಾಡು ಉಳಿದಿದೆ, ಆಮೇಲೆ ಕಂಪನಿಯವರು ತೆಗೆದುಹಾಕಿದರು. ಇಂಟರ್ನೆಟ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಡಲೆಂದು ಹಿಂದಿನ ದಿನವಷ್ಟೇ ಡಗ್ಲಸ್ ಪ್ಲೇಟನ್ನು ನನ್ನ ಕೈಗೆ ಕೊಟ್ಟಿದ್ದರು.

ಐಲೀನ್‌ಗೆ ಈಗ ಮರೆವಿನ ಕಾಯಿಲೆ. ಮಕ್ಕಳ ಗುರುತಿಲ್ಲ. ಹೋದ ವಾರ ಡಗ್ಲಸ್ ಅವರನ್ನೇ "ನೀವು ಯಾರು?" ಎಂದು ಕೇಳಿದ್ದರಂತೆ. "ಅವಳ ಹಾಡು ಅವಳಿಗೆ ನೆನಪಿರುತ್ತೆ. ಅದು ನೆನಪಾದರೆ ನಾನೂ ನೆನಪಾಗ್ತೀನಿ," ಎಂದು ಅವರು ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದರು.

ಅಷ್ಟರಲ್ಲೇ ಫೋನ್ ಬಂತು. ಡಗ್ಲಸ್. ಆರೈಕೆ ಕೇಂದ್ರದಲ್ಲಿ ಜಾಗ ಸಿಕ್ಕಿದೆ, ನಾಳೆ ಬೆಳಿಗ್ಗೆಯೇ ಐಲೀನ್ ಅವರನ್ನು ಕರೆದೊಯ್ಯುತ್ತಾರೆ. ಕಂಪ್ಯೂಟರು ಗಿಂಪ್ಯೂಟರು ಬೇಡ, ಪ್ಲೇಟನ್ನೇ ಈಗ ಹಾಕಬೇಕು, ಬರುತ್ತಿದ್ದೇನೆ ಎಂದರು.

ನಾನು ಮಣೆಗೆ ಕೈಹಾಕಿದೆ. ಅತ್ತೆ ಅಡ್ಡ ಬಂದರು. "ವಿಜಯದಶಮಿಗೆ ಮುಂಚೆ ಕದಲಿಸ್ಬಾರ್ದು ಕಣೇ! ಮನೆಗೆ ಒಳ್ಳೇದಲ್ಲ!"

"ದೇವ್ರಿಗೆ ನಾನು ಹೇಳ್ಕೋತೀನಿ. ಡಗ್ಲಸ್‌ಗೆ ನೀವು ಹೇಳ್ತೀರಾ?"

ಅತ್ತೆ ಪಕ್ಕಕ್ಕೆ ಸರಿದರು. ನಲ್ಲಿಯ ಕೆಳಗೆ ಹಿಡಿದರೆ ಕುಂಕುಮ ಹೋಗುವ ಬದಲು ಗೆರೆಗಳೊಳಗೆ ಇಳಿಯಿತು. ಸೋಪಿನ ನೀರು ಹಾಕಿದೆ, ಹಳೇ ಪಂಚೆಯ ತುಂಡಿನಿಂದ ಒರೆಸಿದೆ. ಬಟ್ಟೆ ಕೆಂಪಾಗುತ್ತಲೇ ಇತ್ತು. ಅಯ್ಯೋ ದೇವರೇ, ಒಂದು ಹೆಂಗಸಿನ ಉಳಿದಿರುವ ನೆನಪನ್ನು ನಾವು ಸಿಂಕಿನಲ್ಲಿ ತೊಳೆದು ಹಾಕುತ್ತಿದ್ದೇವಾ? ಪ್ಲೇಯರಿನ ಮುಳ್ಳು ಇಟ್ಟು ನೋಡೋಣ ಎನ್ನುವಷ್ಟರಲ್ಲಿ ಕಾಲಿಂಗ್ ಬೆಲ್ ಆಯಿತು.

ಬಾಗಿಲಲ್ಲೇ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒದರಿಬಿಟ್ಟೆ: ಪೂಜೆ, ಕುಂಕುಮ, ಸೋಪು. ಡಗ್ಲಸ್ ಕೇಳಿಸಿಕೊಂಡರೋ ಇಲ್ಲವೋ. "ನೀನೂ ಬಾ," ಎಂದರು. ಅವರ ಮುಖ ನನ್ನ ಮುಖಕ್ಕಿಂತ ಬಿಳಿಚಿಕೊಂಡಿತ್ತು. ಅತ್ತೆಯೂ ಸಜ್ಜಿಗೆಯ ಬಟ್ಟಲು ಹಿಡಿದು ಹಿಂದೆಯೇ ಬಂದರು.

ಅವರ ಮನೆಯಲ್ಲಿ ಐಲೀನ್ ಕಿಟಕಿಯ ಪಕ್ಕ ಕೂತಿದ್ದರು, ತಲೆ ನೀಟಾಗಿ ಬಾಚಲಾಗಿತ್ತು. ಡಗ್ಲಸ್ ಮುಳ್ಳನ್ನು ಎತ್ತಿ ಇಡಲು ಹೋಗಿ ಕೈ ಹಿಂದೆಗೆದರು. ಮತ್ತೆ ಹೋದರು, ಮತ್ತೆ ಹಿಂದೆಗೆದರು. ಪ್ಲೇಟು ಹಾಳಾಗಿರುತ್ತದೆಂದೇ ಅವರಿಗೆ ಭಯ ಎಂದುಕೊಂಡು ನಾನು ನೆಲ ನೋಡುತ್ತ ನಿಂತೆ. ಕಡೆಗೆ ಮುಳ್ಳು ಕೂತಿತು.

ಚರಚರ ಸದ್ದು. ನಾನು ಕಣ್ಣು ಮುಚ್ಚಿದೆ. ಆಮೇಲೆ ಕೊಳಲು ಬಂತು, ಗಿಟಾರು ಬಂತು, ಅವುಗಳ ಮೇಲೆ ಒಂದು ಎಳೆಯ ಹೆಣ್ಣು ದನಿ ಎದ್ದಿತು. ಎಲ್ಲೂ ತಡವರಿಸಲಿಲ್ಲ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬದುಕಿಕೊಂಡೆ ಎಂದು ನಾನು ಉಸಿರು ಬಿಟ್ಟೆ. ಡಗ್ಲಸ್ ಬಿಡಲಿಲ್ಲ. ಅವರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು.

ಐಲೀನ್ ತಲೆದೂಗುತ್ತ ಹಾಡನ್ನು ಪೂರ್ತಿ ಕೇಳಿದರು. ಮುಗಿದ ಮೇಲೆ ಗಂಡನ ಕಡೆ ತಿರುಗಿ, ಅಪರಿಚಿತರ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ, "ಎಷ್ಟು ಚೆನ್ನಾಗಿ ಹಾಡ್ತಾಳೆ. ಯಾರು ಈ ಹುಡುಗಿ? ನಿಮಗೆ ಗೊತ್ತಾ?" ಎಂದರು.

ಡಗ್ಲಸ್ ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟರು.

ಇಂಗ್ಲಿಷ್ ಬಾರದ ಅತ್ತೆ ನನ್ನ ತೋಳು ಜಗ್ಗಿದರು. "ಏನಂದ್ರೇ ಅವ್ರು?"

"ಚೆನ್ನಾಗಿ ಹಾಡ್ತಾಳಂತೆ," ಅಂದೆ.

"ನೋಡಿದ್ಯಾ, ಏನೂ ಆಗ್ಲಿಲ್ಲ. ಸುಮ್ನೆ ಹೆದರ್ಕೊಂಡೆ," ಎಂದು ಅತ್ತೆ ನೆಮ್ಮದಿಯಿಂದ ಸಜ್ಜಿಗೆಯ ಬಟ್ಟಲನ್ನು ಡಗ್ಲಸ್ ಅವರ ಕೈಗಿಟ್ಟರು.