ಮಾವನ ಎದೆಯ ತೂಬು

ಸೀಗೆಪುಡಿಗೆ ಬಿಸಿನೀರು ಬಿದ್ದೊಡನೆ ಎದ್ದ ವಾಸನೆಗೆ ಶ್ವೇತಳ ಕೈ ನಿಂತಿತು. ಪಾಲಹಳ್ಳಿಯ ತವರಿನ ಬಚ್ಚಲು, ಶನಿವಾರದ ಎಣ್ಣೆಸ್ನಾನ, ಕಣ್ಣುರಿಯೆಂದು ಅತ್ತಾಗ ಸೆರಗಿಗೆ ಉಸಿರೂದಿ ಒತ್ತುತ್ತಿದ್ದ ಅಜ್ಜಿ. ಈಗ ಶೀಳನೆರೆಯ ಅಂಗಳದಲ್ಲಿ ಅದೇ ಸೀಗೆ, ಮಾವ ಹೊನ್ನಪ್ಪನವರ ಕೊನೆಯ ಸ್ನಾನಕ್ಕೆ.

ಅಣ್ಣನ ಎದೆ ಉಜ್ಜುತ್ತಿದ್ದ ಮಂಚಯ್ಯ, ಎಡಹೆಗಲ ಕೆಳಗಿನ ಉಬ್ಬು ತಾಕುತ್ತಲೇ ಕೈ ತೆಗೆದರು.

"ಶ್ವೇತ, ಈ ಪೇಸ್‌ಮೇಕರು ಇನ್ನೂ ಬಡೀತಾ ಐತಾ?"

"ಐತೆ ಚಿಕ್ಕಮಾವ. ಬ್ಯಾಟರಿ ಮುಗಿಯೋಗಂಟ."

"ಎದೆ ನಿಂತೋದ್ರೂವೆ?"

"ಊಂ."

ನೀರು ಹೊಯ್ಯುತ್ತಿದ್ದವರು ಹಿಂದೆ ಸರಿದರು. ಮಂಚಯ್ಯ ಅವಳ ಮುಖ ನೋಡದೆ ಹೇಳಿದರು: "ಅಂಗಾರೆ ಇದು ಕೆಟ್ಟಿಲ್ಲ. ಎದೇಲಿ ಮಿಷನ್ ಇಟ್ಕಂಡೋರ್ನ ಅಯಸ್ಕಾಂತದ ಗೂಡೊಳೀಕೆ ನೂಕುದ್ರೆ ಇನ್ನೇನಾದದು? ಬ್ಯಾಡ ಅಂತ ಬಡ್ಕಂಡೆ. ಓದ್ದೋರು, ನಮ್ಮಾತು ಕೇಳ್ತಾರಾ?"

ಗೋಡೆಗೊರಗಿ ಕುಳಿತಿದ್ದ ಅತ್ತೆ ದೊಡ್ಡತಾಯಮ್ಮ ಬೆಳಗಿನಿಂದ ಸೊಸೆಯತ್ತ ಒಮ್ಮೆಯೂ ನೋಡಿರಲಿಲ್ಲ. ಅವರೂ ಹಾಗೇ ಅಂದುಕೊಂಡಿದ್ದಾರೆಯೇ? ಶ್ವೇತಳಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ.

* * *

ಸುಗ್ಗಿಗೆ ಮುಂಚೆ ಮಾವನನ್ನು ಮೈಸೂರಿಗೆ ಕರೆದೊಯ್ದವಳು ಅವಳೇ. ಹೃದಯದ ಕವಾಟ ಸೋರುತ್ತಿದೆ, ಎಷ್ಟೆಂದು ಎಕೋದಲ್ಲಿ ಸರಿಯಾಗಿ ತಿಳಿಯುತ್ತಿಲ್ಲ, ಎಮ್‌ಆರ್‌ಐನಲ್ಲಿ ರಕ್ತದ ಹರಿವನ್ನೇ ಅಳೆಯಬಹುದು ಎಂದಿದ್ದರು ಡಾಕ್ಟರು. ಈ ಪೇಸ್‌ಮೇಕರು ಆ ಯಂತ್ರವನ್ನು ತಾಳುವ ಬಗೆಯದು. ಸ್ಕ್ಯಾನು ಮುಗಿಯುವವರೆಗೆ ಅದರ ನಡೆ ಬದಲಿಸಿ ಕಾಯುತ್ತೇವೆ ಎಂದಿದ್ದರು.

"ನಮ್ ನಾಲೆ ತೂಬ್ನಂಗೆ ಅನ್ನಿ," ಎಂದರು ಮಾವ. "ಬಾಗ್ಲು ಮುಚ್ಚುದ್ರೂ ನೀರು ಜಿನುಗ್ತದೆ."

"ಅಷ್ಟೇ ಯಜಮಾನ್ರೇ," ಎಂದು ಸ್ಕ್ಯಾನಿನ ಹುಡುಗಿ ಅವರ ತಣ್ಣನೆಯ ಪಾದಗಳಿಗೆ ಹೊದಿಕೆ ಸುತ್ತಿದಳು.

ಗಾಜಿನಾಚೆ ಯಂತ್ರ ದಡದಡ ಬಡಿಯುತ್ತಿತ್ತು. ನಡುನಡುವೆ ಆ ಹುಡುಗಿಯ ದನಿ: "ಉಸಿರು ಹಿಡ್ಕೊಳ್ಳಿ... ಈಗ ಬಿಡಿ." ಶ್ವೇತಳೂ ಹಿಡಿಯುತ್ತಿದ್ದಳು, ಬಿಡುತ್ತಿದ್ದಳು. ತೆರೆಯ ಮೇಲೆ ಪೇಸ್‌ಮೇಕರಿನ ಕಪ್ಪು ನೆರಳು. ಅದರಾಚೆ ಮುಂದಕ್ಕೆ ನುಗ್ಗಿದ ರಕ್ತ ಕವಾಟ ಮುಚ್ಚಿದರೂ ಹಿಂದಿರುಗುತ್ತಿತ್ತು. ಡಾಕ್ಟರು ಅಳೆದು ನೋಡಿ, "ಆಪರೇಷನ್ ತಡ ಮಾಡ್ಬೇಡಿ" ಎಂದರು. ಪೇಸ್‌ಮೇಕರನ್ನು ಮೊದಲಿನಂತೆ ಮಾಡಿ, ಪರೀಕ್ಷಿಸಿಯೇ ಕಳುಹಿಸಿದರು.

"ಕಬ್ಬು ಕಡ್ಸಿಬುಟ್ಟು ಬತ್ತೀನಿ ಬುಡಿ," ಎಂದಿದ್ದರು ಮಾವ. ಕಬ್ಬು ಕಡಿಯುವ ಮೊದಲೇ ಹೋಗಿಬಿಟ್ಟರು.

* * *

ಗದ್ದೆಯಂಚಿನ ಗುಳಿಯೊಳಗೆ ಹಿಡಿಹಿಡಿ ಮಣ್ಣು ಬಿತ್ತು. ಶ್ವೇತ ತನ್ನ ಹಿಡಿ ಹಾಕಲು ಬಗ್ಗಿದಾಗ ಆ ದನಿ ಕಿವಿಯಲ್ಲೇ ಕೇಳಿತು: ಉಸಿರು ಹಿಡ್ಕೊಳ್ಳಿ. ಹಿಡಿದಳು. ಮಣ್ಣಿನಡಿ ಆ ಪುಟ್ಟ ಯಂತ್ರ ಓಗೊಡದ ಎದೆಯನ್ನು ಇನ್ನೂ ತಟ್ಟಿ ತಟ್ಟಿ ಕರೆಯುತ್ತಿತ್ತು. ಬಿಡಿ ಎನ್ನುವವರು ಯಾರೂ ಇರಲಿಲ್ಲ. ಕಣ್ಣು ಕತ್ತಲೆಗಟ್ಟಿದಾಗ ಗಂಡ ಅಪ್ಪು ತೋಳು ಹಿಡಿದುಕೊಂಡ.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಪಕ್ಕದ ಮನೆಯ ಚಿಕ್ಕಬೋರಮ್ಮ ಮುದ್ದೆ, ಸಾರು ಹೊತ್ತು ತಂದು, ಮೊದಲ ತಟ್ಟೆಯನ್ನು ದೊಡ್ಡತಾಯಮ್ಮನ ಮುಂದಿಟ್ಟಳು. ಅವರು ಮುಟ್ಟದೆ ಯಾರೂ ಉಣ್ಣುವಂತಿಲ್ಲ.

"ಎರಡ್ ತುತ್ತು ಉಣ್ಣತ್ಗೆ," ಎಂದರು ಮಂಚಯ್ಯ. "ಎಲ್ಲಾ ಕಾಯ್ತಾವ್ರೆ."

ದೊಡ್ಡತಾಯಮ್ಮ ತಟ್ಟೆ ಹಿಡಿದು ಎದ್ದರು.

"ಎಲ್ಲಿಗತ್ಗೆ?"

ಅವರು ಮಂಚಯ್ಯನನ್ನು ದಾಟಿ, ನೆಂಟರ ನಡುವೆಯೇ ಹಾದು ಕೊಟ್ಟಿಗೆಗೆ ಹೋದರು. ಅಲ್ಲಿ ಶ್ವೇತ ಕಂಬ ಹಿಡಿದು ಒಬ್ಬಳೇ ನಿಂತಿದ್ದಳು. ಅತ್ತೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ತಟ್ಟೆಯನ್ನು ಅವಳ ಕೈಗಿತ್ತರು.